ಟೊಪ್ಪಿಗೆಯಿಲ್ಲದ ವಿಮಾನ

ರಾಮಮೂರ್ತಿ ನಗರದ ಗೃಹಸ್ಥರಿಗೆ ವಿಮಾನದ ಸದ್ದು ಹೊಸದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವುದಷ್ಟೆ. ಆದರೆ ಕಾರ್ಖಾನೆಯ ಹಂಗಿಲ್ಲದೆ, ನಕ್ಷೆಯನ್ನು ಮುಂದಿಟ್ಟುಕೊಂಡು ಮನೆಯ ಷೆಡ್ಡಿನಲ್ಲಿಯೇ ಕಟ್ಟಬಹುದಾದ ವಿಮಾನವೂ ಉಂಟೆಂಬುದನ್ನು ಬಲ್ಲವರು ವಿರಳ. ಅಮೆರಿಕದ ಬರ್ಟ್ ರುಟಾನರು ಕಲ್ಪಿಸಿದ, 1979ರಲ್ಲಿ ಮೊದಲು ಹಾರಿದ ಲಾಂಗ್-ಈಝೀ ಅಂಥದು. ಅದೇ ನಕ್ಷೆಯನ್ನನುಸರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1980ರ ದಶಕದಲ್ಲಿ ಒಂದು ವಿಮಾನವನ್ನು ಕಟ್ಟಿ ಹಾರಿಸಿದರು. ಗಾಜಿನ ನಾರು, ರಾಳಗಳ ಆ ಅನುಭವವು 1993ರಲ್ಲಿ ಹಾರಿದ ‘ಹಂಸ’ಕ್ಕೆ ಒದಗಿತು.

ಇಂತಹ ಪುಟ್ಟ ವಿಮಾನಗಳ ಪ್ರೊಪೆಲ್ಲರಿನ ನಡುವೆ ಕೂರ್ಮೊನೆಯ ಟೊಪ್ಪಿಗೆಯೊಂದನ್ನು ವಾಚಕರು ಚಿತ್ರಗಳಲ್ಲಿ ಕಂಡಿರಬಹುದು. ಇದಕ್ಕೆ ಸ್ಪಿನ್ನರ್ ಎಂದು ಹೆಸರು. ಇದಿಲ್ಲದೆ ಹಾರಬಹುದೆ? ಧಾರಾಳವಾಗಿ ಹಾರಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಹಸ್ರಾರು ವೈಮಾನಿಕರಿಗೆ ವಿದ್ಯೆ ಕಲಿಸಿದ ಟೈಗರ್ ಮಾತ್ ವಿಮಾನಗಳು ಬಹುಮಟ್ಟಿಗೆ ಬೋಳುಮೂತಿಯವೇ.

ಹಾಗೆಂದು ಅದನ್ನು ಬರಿಯ ಅಲಂಕಾರವೆನ್ನಲಾಗದು. ಎದುರುಗಾಳಿಯನ್ನು ನುಣ್ಣಗೆ ಸೀಳಿ ಇಂಜಿನನ್ನು ತಣಿಸುವ ಕಿಂಡಿಗಳತ್ತ ಸಾಗಿಸುವುದು ಅದರ ಕೆಲಸ. ಅದನ್ನು ಕಳಚಿದರೆ ವೇಗವು ಕೊಂಚ ತಗ್ಗೀತು, ಇಂಜಿನು ಹೆಚ್ಚು ಕಾದೀತು. ಅದರ ತೂಕ ಅಲ್ಪವಾದರೂ ವಿಮಾನದ ತುತ್ತತುದಿಯಲ್ಲಿರುವುದರಿಂದ ಸಮತೋಲವನ್ನು ಮರಳಿ ಲೆಕ್ಕ ಹಾಕಬೇಕಾಗುತ್ತದೆ. ಕಾರ್ಖಾನೆಯಲ್ಲಿ ತಯಾರಾಗಿ ಸರ್ಕಾರದ ಪ್ರಮಾಣಪತ್ರ ಪಡೆದ ವಿಮಾನದಲ್ಲಂತೂ ಇದನ್ನು ಒಡೆಯನ ಇಚ್ಛೆಗೆ ಬಿಟ್ಟಿಲ್ಲ.

ನಿಜವಾದ ಅಪಾಯವಿರುವುದು ಬಿರುಕುಬಿಟ್ಟ ಟೊಪ್ಪಿಗೆಯಲ್ಲಿ. ನಿಮಿಷಕ್ಕೆ ಸುಮಾರು 2500 ಸುತ್ತು, ಎಂದರೆ ನಾವು ಒಮ್ಮೆ ಕಣ್ಣು ಪಿಳುಕಿಸುವಷ್ಟರಲ್ಲಿ ಹಲವು ಸುತ್ತು ತಿರುಗುವ ಆ ತಗಡು ಒಡೆದರೆ, ಚೂರು ಪ್ರೊಪೆಲ್ಲರಿನ ಅಲಗಿಗೋ ಚಾಲಕನ ಮುಂದಿನ ಗಾಜಿಗೋ ಬಡಿಯಬಹುದು. ಉಳಿದ ಭಾಗವು ಓರೆಯಾಗಿ ತಿರುಗಿ ಇಂಜಿನನ್ನೇ ನಡುಗಿಸಬಹುದು. ಬಿರುಕು ಕಂಡಮೇಲೆ ಅಂದಕ್ಕಾಗಿ ಅದನ್ನೇ ತೊಡಿಸಿಕೊಂಡು ಹಾರುವುದು ನಮ್ಮ ಮಟ್ಟಿಗೆ ಹುಚ್ಚು ಸಾಹಸ. ಸ್ವತಃ ಕಟ್ಟಿದವನು ಕೈಯಾರೆ ಅರೆದು ನುಣುಪುಮಾಡಿದ ವಸ್ತುವನ್ನು ಬಿಚ್ಚಿಡಲು ಮನಸ್ಸು ಬಾರದು, ನಿಜ, ಆದರೂ ಬಿಚ್ಚಲೇಬೇಕು.

ಬಿಚ್ಚಿದಾಗ ಕಾಣುವುದು ಪ್ರೊಪೆಲ್ಲರನ್ನು ಹಿಡಿದಿರುವ ಬೋಲ್ಟುಗಳು; ಗಾಡಿಯ ಗಾಲಿಗೆ ಕಡಾಣಿಯಿದ್ದಂತೆ. ಮರದ ಪ್ರೊಪೆಲ್ಲರಾದರೆ ಮಳೆಗಾಲದ ತೇವಕ್ಕೆ ಊದಿಕೊಂಡು ಬೇಸಗೆಯಲ್ಲಿ ಕುಗ್ಗುತ್ತದೆ. ಬೋಲ್ಟುಗಳ ಹಿಡಿತ ಸಡಿಲುತ್ತದೆ. ಟೊಪ್ಪಿಗೆಯಿಲ್ಲದ ವಿಮಾನದಲ್ಲಿ ಅವನ್ನು ಪ್ರತಿಬಾರಿ ಹಾರುವ ಮುನ್ನ ಕಣ್ಣಾರೆ ನೋಡಿ, ಬೆರಳಿನಿಂದ ಮುಟ್ಟಿಯೇ ಹೊರಡಬಹುದು.