ನಳಿಕೆಯಲ್ಲಿ ಏರಿಳಿಯುವ ಉಸಿರು

ಬಾಗಳಿಯವರಿಗೆ ಜಿಲ್ಲೆ ಬದಲಾದರೂ ಆಸ್ಪತ್ರೆಯ ದಾರಿ ಬದಲಾಗಲಿಲ್ಲ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು. ಮತ್ತೆ ಬಳ್ಳಾರಿಗೆ ಮರಳಿತು. 2021ರಿಂದ ವಿಜಯನಗರದ ಪಾಲು. ದೊಡ್ಡ ಕಾಯಿಲೆ ಬಂದರೆ ಮಾತ್ರ ಅಂದೂ ಇಂದೂ ಬಸ್ಸು ಹತ್ತುವುದು ದಾವಣಗೆರೆಗೇ. ಅಲ್ಲಿನ ಜಿಲ್ಲಾ ಆಸ್ಪತ್ರೆಯ ಹೆಸರಿನಲ್ಲಿರುವ ಚಿಗಟೇರಿ ಕೂಡ ಇದೇ ತಾಲ್ಲೂಕಿನ ಊರು.

ಈ ಸೀಮೆಯ ಯಾವ ಎದೆರೋಗ ವಿಭಾಗಕ್ಕೆ ಹೋದರೂ ಇಂಥ ಒಬ್ಬರು ಸಿಗುತ್ತಾರೆ. ನಡುವಯಸ್ಸಿನ ರೈತ, ತಿಂಗಳಿಂದ ಸಂಜೆ ಜ್ವರ, ಪಕ್ಕೆನೋವು. ‘ದಮ್ಮು ಹತ್ತೈತ್ರಿ, ಎಡಮಗ್ಗಲಾಗಿ ಮಲಗಾಕ ಆಗಂಗಿಲ್ಲ.’ ಬಲಗಡೆ ನೀರು ತುಂಬಿದೆ. ಡಾಕ್ಟರು ಬೆನ್ನಿನ ಮೇಲೆ ಬೆರಳಿಟ್ಟು ತಟ್ಟುತ್ತಾ ಇಳಿಯುತ್ತಾರೆ. ಮೇಲೆ ಟೊಳ್ಳು ದನಿ. ಭುಜದೆಲುಬಿನ ಕೆಳಗೆ ಬಂದೊಡನೆ ಬಾಗಳಿಯ ಕಲ್ಲೇಶ್ವರ ಗುಡಿಯ ಗೋಡೆ ತಟ್ಟಿದಷ್ಟು ಮೊಂಡು ಸದ್ದು.

ಮಂಚದಂಚಿಗೆ ಕೂರಿಸಿ, ಎದುರಿನ ಮೇಜಿನ ದಿಂಬಿನ ಮೇಲೆ ಕೈ ಮಡಚಿ ತಲೆಯಿಡಿಸುತ್ತಾರೆ. ಬೆನ್ನಿಗೆ ಅಯೋಡಿನ್ನಿನ ಕಂದು ವೃತ್ತ. ಮರಗಟ್ಟಿಸುವ ಸೂಜಿ ಮೊದಲು, ಆಮೇಲೆ ದಪ್ಪ ಸೂಜಿ, ಅದೂ ಪಕ್ಕೆಲುಬಿನ ಮೇಲಂಚನ್ನೇ ಸವರಿಕೊಂಡು. ಕೆಳಅಂಚಿನಲ್ಲಿ ರಕ್ತನಾಳ, ನರ ಅಡಗಿವೆ. ಸಿರಿಂಜಿಗೆ ಒಣಹುಲ್ಲಿನ ಬಣ್ಣದ ನೀರು ಬರುತ್ತದೆ. ನಮ್ಮ ಕಡೆ ಈ ಬಣ್ಣ ಕಂಡರೆ ಮೊದಲ ಗುಮಾನಿ ಟಿ.ಬಿ. ಮೇಲೆಯೇ.

ಒಳಗೆ ಒತ್ತಡ ಎಷ್ಟಿದೆ? ಇದನ್ನು ಕೇಳಲು ಭಾರಿ ಯಂತ್ರ ಬೇಕಿಲ್ಲ. ಡ್ರಿಪ್ ಹಾಕುವ ನಳಿಕೆ, ಮೂರು ದಾರಿಯ ನಲ್ಲಿ, ಒಂದು ಸ್ಕೇಲು ಸಾಕು. ಸೂಜಿ ಚುಚ್ಚಿದ ಮಟ್ಟವೇ ಸೊನ್ನೆ. ನಲ್ಲಿ ತಿರುಗಿಸಿದರೆ ನಳಿಕೆಯ ನೀರು ಆ ಗೆರೆಯ ಮೇಲೋ ಕೆಳಗೋ ನಿಲ್ಲುತ್ತದೆ. ನಿಲ್ಲುತ್ತದೆ ಎನ್ನುವುದೂ ಸರಿಯಲ್ಲ. ರೋಗಿ ಉಸಿರೆಳೆದಾಗ ಇಳಿಯುತ್ತದೆ, ಬಿಟ್ಟಾಗ ಏರುತ್ತದೆ, ಕೆಮ್ಮಿದರೆ ಚಿಮ್ಮುತ್ತದೆ. ಈ ಕುಣಿತ ತಗ್ಗಿಸಲು ಎರಡು ನಳಿಕೆಗಳ ನಡುವೆ 22 ಗೇಜಿನ ಸಣ್ಣ ಸೂಜಿಯನ್ನು ಅಡ್ಡ ಇಡುವ ಉಪಾಯ 2004ರಲ್ಲಿ ಪ್ರಕಟವಾಯಿತು. ಕಡಿಮೆ ಖರ್ಚಿನ ಇಂಥ ಜಾಣ್ಮೆ ನನಗೆ ಯಾವತ್ತೂ ಇಷ್ಟ.

ಆರೋಗ್ಯವಂತರಲ್ಲಿ ಶ್ವಾಸಕೋಶ ಒಳಕ್ಕೆ ಕುಗ್ಗಲು, ಎದೆಗೂಡು ಹೊರಕ್ಕೆ ಹಿಗ್ಗಲು ನೋಡುತ್ತವೆ. ಈ ಜಗ್ಗಾಟದಿಂದ ನಡುವಿನ ಸಂದಿನಲ್ಲಿ, ಉಸಿರು ಬಿಟ್ಟ ಕೊನೆಗೆ, ಮೈನಸ್ 3ರಿಂದ 5 ಸೆಂಟಿಮೀಟರ್ ನೀರಿನಷ್ಟು ಸೆಳೆತ ಇರುತ್ತದೆ. ನೀರು ತುಂಬಿದಾಗ ಅದು ಸೊನ್ನೆ ದಾಟಿ ಪ್ಲಸ್ಸಿಗೆ ಹೋಗಬಹುದು. ನೀರು ತೆಗೆಯುತ್ತಾ ಹೋದಂತೆ ಮತ್ತೆ ಇಳಿಯುತ್ತದೆ. ಮೆಲ್ಲಗೆ ಇಳಿದರೆ ಶ್ವಾಸಕೋಶ ಅರಳುತ್ತಿದೆ ಎಂದು ಅರ್ಥ. ಆಗ ಕೆಮ್ಮು ಬರುತ್ತದೆ. ಮನೆಯವರು ಗಾಬರಿಯಾಗುತ್ತಾರೆ, ಡಾಕ್ಟರಿಗೆ ಅದು ಶುಭಸೂಚನೆ.

ಹಳೆಯ ಟಿ.ಬಿ.ಯಿಂದ ಶ್ವಾಸಕೋಶದ ಮೇಲೆ ದಪ್ಪ ಪೊರೆ ಬೆಳೆದವರದು ಬೇರೆ ಕಥೆ. ನೀರು ಹೋದ ಜಾಗ ತುಂಬಲು ಶ್ವಾಸಕೋಶ ಅರಳುವುದೇ ಇಲ್ಲ. ಮಟ್ಟ ಮೊದಲೇ ಮೈನಸ್ಸಿನಲ್ಲಿರುತ್ತದೆ, ಒಂದಿಷ್ಟು ತೆಗೆಯುವಷ್ಟರಲ್ಲಿ ಧಡಾರನೆ ಕುಸಿಯುತ್ತದೆ. ಲೀಟರಿಗೆ ಇಷ್ಟು ಸೆಂಟಿಮೀಟರ್ ಎಂಬ ಲೆಕ್ಕದಲ್ಲಿ 14.5 ದಾಟಿದರೆ ಸಿಕ್ಕಿಬಿದ್ದ ಶ್ವಾಸಕೋಶದ ಅನುಮಾನ. ಮೈನಸ್ 20 ಮುಟ್ಟಿದರೆ ನಿಲ್ಲಿಸಿ ಎಂಬ ರೂಢಿಗೆ ಬುನಾದಿ ಅಮೆರಿಕದ ರಿಚರ್ಡ್ ಲೈಟ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನ. ಅಳತೆಯಂತೂ ಅದಕ್ಕಿಂತ ಹಳೆಯದು. ಜರ್ಮನಿಯ ಕ್ವಿಂಕೆ 1878ರಲ್ಲೇ ಅಳೆದಿದ್ದ.

ಹಾಗಾದರೆ ಎಲ್ಲರಿಗೂ ಅಳೆಯಬೇಕೆ? 2019ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂದ 124 ರೋಗಿಗಳ ಪರೀಕ್ಷೆ ಆ ಉತ್ಸಾಹಕ್ಕೆ ತಣ್ಣೀರೆರಚಿತು. ಅಳೆದವರಲ್ಲೂ ಅಳೆಯದೆ ಲಕ್ಷಣ ನೋಡಿಕೊಂಡು ತೆಗೆದವರಲ್ಲೂ ಎದೆಯ ಸಂಕಟ ಹೆಚ್ಚುಕಡಿಮೆ ಒಂದೇ. ರೋಗಿಯ ಮಾತಿಗೆ ಕಿವಿಗೊಟ್ಟರೆ ಸುಮಾರಿಗೆ ಸಾಕು ಎಂದಾಯಿತು. ಆದರೆ ಚಿಕಿತ್ಸೆ ತಡವಾದವರು ಬರುವ ನಮ್ಮಂಥ ಕಡೆ, ಪೊರೆ ಕಟ್ಟಿದ ಶ್ವಾಸಕೋಶವನ್ನು ಗುರುತಿಸಲು ಈ ನಳಿಕೆ ಇನ್ನೂ ಬೇಕು ಎಂದೇ ನನ್ನ ಎಣಿಕೆ.

ಇತ್ತ ಬಾಟಲಿಯಲ್ಲಿ ಒಂದು ಲೀಟರು ದಾಟಿದೆ. ರೈತನಿಗೆ ಕೆಮ್ಮು ಬಂದು ಹೋಯಿತು. ಈಗ ಎದೆಯ ನಡುವೆ ಹಿಂಡುತ್ತಿದೆ ಎನ್ನುತ್ತಾನೆ. ನಳಿಕೆಯ ನೀರು ಗೆರೆಯ ಕೆಳಗೆ ಹನ್ನೆರಡರಲ್ಲಿ ತೂಗುತ್ತಿದೆ. ಇಪ್ಪತ್ತಕ್ಕೆ ಇನ್ನೂ ದೂರ, ಆದರೂ ಡಾಕ್ಟರು ನಲ್ಲಿ ಮುಚ್ಚುತ್ತಾರೆ. ‘ಇನ್ನೂ ನೀರೈತಲ್ರಿ, ಪೂರ್ತಿ ತೆಗದುಬಿಡ್ರಿ. ಉಳಿಸಿದ್ರೆ ಮತ್ತೆ ತುಂಬ್ತೈತಂತೆ’ ಎಂದು ಬಾಗಿಲಲ್ಲಿ ನಿಂತ ಹೆಂಡತಿಯ ಗೋಗರೆತ. ಅವಸರದಲ್ಲಿ ಪೂರ್ತಿ ಎಳೆದರೆ, ಅಪರೂಪಕ್ಕಾದರೂ, ಅರಳಿದ ಶ್ವಾಸಕೋಶದೊಳಗೇ ನೀರು ಜಿನುಗಬಹುದು; ಒಂದೂವರೆ ಲೀಟರಿನ ಎಚ್ಚರಿಕೆ ಬಂದದ್ದು ಅದಕ್ಕೇ. ಇಷ್ಟನ್ನೆಲ್ಲ ಹೇಳಲು ಡಾಕ್ಟರಿಗೆ ಪುರುಸೊತ್ತಿಲ್ಲ. ‘ಉಳಿದದ್ದಕ್ಕೆ ಗುಳಿಗೆ ಐತಮ್ಮ, ಆರು ತಿಂಗಳು ಬಿಡದೆ ನುಂಗಿಸಬೇಕು’ ಎಂದು ಶೀಷೆಗೆ ಚೀಟಿ ಅಂಟಿಸಿ ಲ್ಯಾಬಿಗೆ ಕಳಿಸುತ್ತಾರೆ.