ಮದರಾಸು ಮತ್ತು ಕನ್ನಡದ ವಿದ್ವತ್ಪರಂಪರೆ

ರಾಜಧಾನಿಯೊಂದರ ಆಧುನಿಕತೆಯನ್ನು ರಸ್ತೆ, ರೈಲು, ಬಂದರುಗಳಿಂದ ಮಾತ್ರ ಅಳೆಯಲಾಗದು. ತನ್ನ ಆಳ್ವಿಕೆಗೆ ಒಳಪಟ್ಟ ನುಡಿಗಳನ್ನು ಅದು ಹೇಗೆ ಬೆಳೆಸಿತೆಂಬುದೂ ಮುಖ್ಯ. ಕರಾವಳಿಯ ಕನ್ನಡ ಸೀಮೆಯನ್ನೂ ಬಳ್ಳಾರಿಯನ್ನೂ ಆಳುತ್ತಿದ್ದ ಮದರಾಸಿಗೆ ಕನ್ನಡವು ಮೊದಲು ಬೇಕಾದದ್ದು ಆಡಳಿತಕ್ಕಾಗಿ. 1812ರಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಕಂಪನಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಿತು. ಜಾನ್ ಮೆಕೆರೆಲ್ಲನ ಕನ್ನಡ ವ್ಯಾಕರಣವು 1820ರಲ್ಲಿ, ವಿಲಿಯಂ ರೀವನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಇಲ್ಲಿಯೇ ಅಚ್ಚಾದವು. ಕರ್ನಲ್ ಮೆಕೆಂಜಿಯ ಸಂಗ್ರಹದ ಬಹುಭಾಗವು ಇಲ್ಲಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ನೆಲೆಗೊಂಡಿತು. ಹೀಗೆ ಆಳುವವರ ಅಗತ್ಯವು ಕ್ರಮೇಣ ವಿದ್ವತ್ತಿನ ಪರಂಪರೆಯಾಗಿ ಮಾರ್ಪಟ್ಟಿತು.

1953ರಲ್ಲಿ ಬಳ್ಳಾರಿಯ ಬಹುಭಾಗವೂ 1956ರಲ್ಲಿ ದಕ್ಷಿಣ ಕನ್ನಡವೂ ಮೈಸೂರು ರಾಜ್ಯವನ್ನು ಸೇರಿದವು. ಕಾಸರಗೋಡು ಕೇರಳದ ಪಾಲಾಯಿತು. ಆಡಳಿತದ ಕಾರಣ ಅಲ್ಲಿಗೆ ಮುಗಿಯಿತು. ಆದರೆ ಕೆಲಸ ನಿಲ್ಲಲಿಲ್ಲ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಕಿಟೆಲ್ ನಿಘಂಟಿನ 4 ಸಂಪುಟಗಳನ್ನು ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ಅವಧಿಯಲ್ಲಿ ಹೊರತಂದಿತೆಂಬುದು ಗಮನಾರ್ಹ.

ಗಡಿಗಳು ಸರಿದವು, ಓಲೆಗರಿಗಳು ಇಲ್ಲಿಯೇ ಉಳಿದಿವೆ. ಅವನ್ನು ಓದಬಲ್ಲ ಕನ್ನಡ ವಿದ್ವಾಂಸರು ಈ ನಗರದಲ್ಲಿ ಸಿದ್ಧರಾಗುತ್ತಿರುವವರೆಗೆ ಮಾತ್ರ ಆ ಭಂಡಾರ ಕನ್ನಡದ್ದಾಗಿರುತ್ತದೆ. ಹೊರನಾಡಿನ ಕನ್ನಡ ವಿಭಾಗದ ಹೊಣೆ ಇದೇ ಆಗಿದೆ.