ಗುದ್ದಿದ್ದು ನಿನ್ನೆ, ನೋವು ಇವತ್ತು

ಹುನಗುಂದ–ಇಳಕಲ್ ನಡುವೆ 50ನೇ ಹೆದ್ದಾರಿಯಲ್ಲಿ ನಮ್ಮ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತು. ಆಗ ಏನೂ ಅನಿಸಲಿಲ್ಲ. ಮರುದಿನ ಕುತ್ತಿಗೆ ತಿರುಗಿಸಲಾಗಲಿಲ್ಲ. ಏಕೆ?
– ಓದುಗರೊಬ್ಬರು, ಮರೋಳ

ನಿಂತ ಬಸ್ಸು ಒಮ್ಮೆಲೇ ಹೊರಟರೆ ಕಂಬಿ ಹಿಡಿಯದವರು ಹಿಂದಕ್ಕೆ ವಾಲುತ್ತಾರಲ್ಲ, ನಿಮ್ಮ ತಲೆಗೂ ಆದದ್ದು ಅದೇ. ಸೀಟು ಬೆನ್ನನ್ನು ಮುಂದಕ್ಕೆ ತಳ್ಳಿತು. ನಾಲ್ಕೈದು ಕಿಲೋ ತೂಗುವ ತಲೆ ಅರೆಕ್ಷಣ ಇದ್ದಲ್ಲೇ ಉಳಿದು, ಆಮೇಲೆ ಮುಂದಕ್ಕೆ ಜಗ್ಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಎಳೆದಾಟದಲ್ಲಿ ಕುತ್ತಿಗೆಯ ಸ್ನಾಯುಗಳ ಸಣ್ಣ ಎಳೆಗಳು ಹರಿಯುತ್ತವೆ.

ಹಾಗಿದ್ದರೆ ಆಗಲೇ ನೋಯಬೇಕಿತ್ತಲ್ಲ? ಗಾಬರಿಯಾದೊಡನೆ ಮೂತ್ರಪಿಂಡದ ಮೇಲೆ ಕೂತ ಪುಟ್ಟ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ಮಿದುಳು ಎಂಡಾರ್ಫಿನ್ ಎಂಬ ತನ್ನದೇ ನೋವುನಿವಾರಕ ಬಿಡುತ್ತದೆ. ಲಾರಿ ಚಾಲಕನೊಡನೆ ಜಗಳ ಮುಗಿಸಲು ಅಷ್ಟು ಸಾಕು! ಹರಿದ ಎಳೆಗಳ ಸುತ್ತ ದ್ರವ ತುಂಬಿ ಬಾವು ಏರಲು ಮಾತ್ರ ಹಲವು ಗಂಟೆ ಬೇಕು. ರಾತ್ರಿಯೆಲ್ಲ ಅಲುಗಾಡದ ಸ್ನಾಯು ಬೆಳಗಿಗೆ ಬಿಗಿದಿರುತ್ತದೆ.

ಹೆಚ್ಚಿನವರಿಗೆ ಇದು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಕುತ್ತಿಗೆ ಲಟಕ್ಕೆನಿಸಿ ‘ಸರಿ ಮಾಡುವವರ’ ಕೈಗೆ ಮಾತ್ರ ತಲೆ ಕೊಡಬೇಡಿ. ಕೈ ಜೋಮು ಹಿಡಿದರೆ, ವಾಂತಿಯಾದರೆ, ತಲೆನೋವು ಏರುತ್ತಲೇ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಪಘಾತದ ನೋವೆಂದೇ ಚೀಟಿಯಲ್ಲಿ ಬರೆಸಿ. ನಾಳೆ ವಿಮೆಯವರು ಕೇಳುವುದು ಅದನ್ನೇ.